ಮೆಣಸಿನ ಚೀಲದ ಮಹಜರು: ಹಸಿಯೋ, ಒಣಗಿದ್ದೋ?

ಕೊಡಗಿನಲ್ಲಿ ಕರಿಮೆಣಸು ಕೊಯ್ಯುವ ಕಾಲಕ್ಕೆ ಠಾಣೆಗೆ ಕಳವಿನ ದೂರು ಬಂದರೆ ನನ್ನ ಮೊದಲ ಪ್ರಶ್ನೆ ಇದೇ: ಮಾಲು ಹಸಿಯೋ, ಒಣಗಿದ್ದೋ? ಹಸಿ ಮೆಣಸು ಒಣಗಿದರೆ ಉಳಿಯುವುದು ಸುಮಾರು ಮೂರನೇ ಒಂದು ಪಾಲು. ದೂರು ಕೊಡುವವರು ಮಾತ್ರ ಹಸಿ ತೂಕಕ್ಕೆ ಒಣಮೆಣಸಿನ ದರ ಹಾಕುತ್ತಾರೆ. ಒಣಮೆಣಸು ಕಿಲೋಗೆ 650 ರೂಪಾಯಿ ಎಂದಿಟ್ಟುಕೊಳ್ಳಿ. 15 ಕಿಲೋ ಹಸಿ ಮೆಣಸಿಗೆ ಅವರ ಲೆಕ್ಕ 9,750, ನಿಜವಾದ ಬೆಲೆ 3,250ರ ಆಸುಪಾಸು.

ಇವೆರಡರ ನಡುವೆ 5,000 ರೂಪಾಯಿಯ ಗೆರೆಯಿದೆ. ಭಾರತೀಯ ನ್ಯಾಯ ಸಂಹಿತೆಯ 303(2)ರಡಿ ಮಾಲಿನ ಬೆಲೆ ಅದಕ್ಕಿಂತ ಕಡಿಮೆಯಿದ್ದರೆ ಕಳವು ಅಸಂಜ್ಞೇಯ, ಜಾಮೀನೀಯ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಯಿಲ್ಲ, ವಾರಂಟಿಲ್ಲದೆ ಬಂಧನವಿಲ್ಲ. ಮೊದಲ ಬಾರಿ ಶಿಕ್ಷೆಗೊಳಗಾದವನು ಮಾಲು ಮರಳಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. (ಗೋದಾಮಿನಿಂದ ಕದ್ದಿದ್ದರೆ ಕಲಂ 305, ಅಲ್ಲಿ ಈ ರಿಯಾಯಿತಿ ಇಲ್ಲ.) ದರದ ಕಾಲಂ ಸ್ವಲ್ಪ ಉಬ್ಬಿಸಿದರೂ ಸಾಕು, ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಕೂಲಿಯೊಬ್ಬ ಜೈಲು ಸೇರುತ್ತಾನೆ. ತೋಟದ ಧಣಿಯ ಒತ್ತಡ ಬರುವುದೂ ಇಲ್ಲೇ.

ತೋಟದ ತಕ್ಕಡಿಯಲ್ಲಿ ತೂಗಬಾರದು. ತೂಕ-ಅಳತೆ ಇಲಾಖೆಯ ಅವಧಿ ಮುಗಿಯದ ಮುದ್ರೆಯಿರುವ ತಕ್ಕಡಿಯನ್ನು ಬೇರೆಡೆಯಿಂದ ತರಿಸಬೇಕು. ‘ಒಂದು ಚೀಲ ಮೆಣಸು’ ಎಂದು ಬರೆದ ಮಹಜರು, ಅಂದರೆ ಸಾಕ್ಷಿಗಳ ಮುಂದೆ ಬರೆಯುವ ಜಪ್ತಿ ದಾಖಲೆ, ಕೆಲಸಕ್ಕೆ ಬಾರದು. ‘ಹಸಿ ಕರಿಮೆಣಸು, ಗೊಂಚಲು ಬಿಡಿಸಿಲ್ಲ, ಚೀಲ ಸಹಿತ 15.400 ಕೆ.ಜಿ., ಖಾಲಿ ಚೀಲ 0.150, ನಿವ್ವಳ 15.250’ ಎಂದಿರಲಿ. ದರವನ್ನು ಅದೇ ದಿನ, ದೂರುದಾರನಿಗೆ ಸಂಬಂಧವಿಲ್ಲದ ವ್ಯಾಪಾರಿಯಿಂದ, ಹಸಿಯದ್ದೆಂದೇ ಕೇಳಿ ಬರೆಸಿಕೊಳ್ಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105ರಂತೆ ಜಪ್ತಿಯ ವಿಡಿಯೊ ಹೇಗೂ ಆಗಬೇಕು. ತಕ್ಕಡಿಯ ಅಂಕಿ ಅದರಲ್ಲಿ ಓದುವಂತೆ ಕಾಣಲಿ.

ಪಂಚರಾಗಿ, ಅಂದರೆ ಮಹಜರಿನ ಸಾಕ್ಷಿಗಳಾಗಿ, ತೋಟದ ರೈಟರ್ (ಗುಮಾಸ್ತ), ಮೇಸ್ತ್ರಿ ಬೇಡ. ಕರೆದ ಕೂಡಲೇ ಬರುವವರು ಅವರೇ, ನಿಜ. ಆದರೆ ಪಾಟೀಸವಾಲಿನಲ್ಲಿ ‘ನಿಮಗೆ ಸಂಬಳ ಕೊಡುವವರು ಯಾರು?’ ಎಂದರೆ ಮಹಜರು ಅಲ್ಲಿಗೇ ಮುಗಿಯಿತು. ಅದೇ ಮೇಸ್ತ್ರಿಯನ್ನು ಯರವ ಅಥವಾ ಅಸ್ಸಾಮಿ ಮಾತಿಗೆ ದುಭಾಷಿ ಮಾಡುವುದು ಇನ್ನೂ ಕೆಟ್ಟದ್ದು. ಬಂಧನದ ಕಾರಣ ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ, ಬರವಣಿಗೆಯಲ್ಲಿ, ಏನೇ ಆದರೂ ರಿಮಾಂಡಿಗೆ ಹಾಜರುಪಡಿಸುವ 2 ಗಂಟೆ ಮೊದಲಾದರೂ ತಲುಪಬೇಕೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಓದು ಬಾರದವನ ಕೈಗೆ ಕಾಗದ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ತಲುಪಿಸಿದಂತಾಗದು. ಓದಿ ಹೇಳಿಸಿ, ಅದನ್ನೂ ವಿಡಿಯೊ ಮಾಡಿಸುತ್ತೇನೆ.

ಹಸಿ ಮೆಣಸನ್ನು ಠಾಣೆಯ ಮೂಲೆಯಲ್ಲಿ ಚೀಲದಲ್ಲೇ ಬಿಟ್ಟರೆ ಬೂಸ್ಟು ಹಿಡಿಯುತ್ತದೆ. ಬೇಗ ಕೋರ್ಟಿಗೆ ಹಾಜರುಪಡಿಸಿ, ಅದೇ ಸುರಕ್ಷಾ ಸಂಹಿತೆಯ ಕಲಂ 497ರಡಿ ಫೋಟೊ ತೆಗೆಸಿ ವಿಲೇವಾರಿಗೆ ಕೇಳಬೇಕು. ಇಲ್ಲವಾದರೆ ವಿಚಾರಣೆಯ ದಿನ ಚೀಲ ಬಿಚ್ಚಿದಾಗ ಸಿಗುವುದು 5 ಕಿಲೋ. ಉಳಿದ 10 ಕಿಲೋ ಎಲ್ಲಿ ಹೋಯಿತೆಂದು ತನಿಖಾಧಿಕಾರಿಯನ್ನೇ ಕೇಳುತ್ತಾರೆ.