ಅಡಿಟಿಪ್ಪಣಿ ಬೇರೆ ಪುಸ್ತಕ ತೋರಿಸುತ್ತಿತ್ತು

ಶಿರಸಿಯಲ್ಲಿ ಮಳೆ ಹಿಡಿಯಿತೆಂದರೆ ಸಂಜೆ ಹೊರಗೆ ಕೆಲಸವಿಲ್ಲ. ಆಗ ಕನ್ನಡ ವಿಕಿಪೀಡಿಯದಲ್ಲಿ ಹಳೆಯ ಫಿಲ್ಮ್ ನ್ವಾರ್ (ಕತ್ತಲು-ನೆರಳು ತುಂಬಿದ ಅಪರಾಧ ಕಥೆಯ) ಚಿತ್ರಗಳ ಬಗ್ಗೆ ಬರೆಯುತ್ತೇನೆ. ‘ಡಬಲ್ ಇಂಡೆಮ್ನಿಟಿ’ (1944) ನನಗೆ ಬಹಳ ಇಷ್ಟದ್ದು. ಕಿಟಕಿಯ ವೆನಿಷಿಯನ್ ಬ್ಲೈಂಡಿನ (ಅಡ್ಡಪಟ್ಟಿಗಳ ಪರದೆಯ) ನೆರಳು ಗೆರೆಗೆರೆಯಾಗಿ ನಾಯಕನ ಕೋಟಿನ ಮೇಲೆ ಬೀಳುವುದನ್ನು ನೋಡಿದರೆ ಛಾಯಾಗ್ರಾಹಕ ಜಾನ್ ಸೈಟ್ಸ್‌ಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಎಡವಟ್ಟಾಗಿದ್ದೂ ಆ ನೆರಳು-ಬೆಳಕಿನ ಬಗ್ಗೆ ಪುಟದಲ್ಲಿ ಹಾಕಿದ ಸಾಲಿನಲ್ಲೇ.

ನಿರ್ದೇಶಕ ಬಿಲ್ಲಿ ವೈಲ್ಡರ್ ಪುಟದಿಂದ ಒಂದು ಪ್ಯಾರಾದ ಮೂಲ ಪಠ್ಯವನ್ನು ನಕಲಿಸಿ ಈ ಚಿತ್ರದ ಪುಟದಲ್ಲಿ ಅಂಟಿಸಿದ್ದೆ. ಕೆಂಪಕ್ಷರದ ದೋಷ ಏನೂ ಬರಲಿಲ್ಲ. ಎರಡು ದಿನ ಬಿಟ್ಟು ಚರ್ಚೆಪುಟದಲ್ಲಿ ಒಬ್ಬರು ಕೇಳಿದರು: “ಸರ್, ನೆರಳು-ಬೆಳಕಿನ ಮಾತಿಗೆ ಚಿತ್ರಕ್ಕೆ ಮೂಲವಾದ ಜೇಮ್ಸ್ ಕೇನ್ ಕಾದಂಬರಿಯ ಉಲ್ಲೇಖ ಕೊಟ್ಟಿದ್ದೀರಲ್ಲ?” ನೋಡಿದರೆ ನಿಜ. ಓದುಗರಿಗೆ ಸುಳ್ಳು ಆಧಾರ ಕೊಟ್ಟಂತಾಯಿತಲ್ಲ ಎಂದು ತುಂಬ ನೋವಾಯಿತು.

ಕಾರಣ ಇಷ್ಟು. ಒಂದೇ ಉಲ್ಲೇಖವನ್ನು ಮತ್ತೆ ಬಳಸಿದಾಗ ವಿಶುವಲ್ ಎಡಿಟರ್ (ಕೋಡ್ ಬರೆಯದೆ ಪುಟ ತಿದ್ದುವ ವಿಕಿಪೀಡಿಯದ ಸಾಧನ) ಅದಕ್ಕೆ ತಾನೇ ಹೆಸರಿಟ್ಟಿತ್ತು: ಮೊದಲನೆಯದಕ್ಕೆ ‘:0’, ಆಮೇಲಿನದಕ್ಕೆ ‘:1’. ಎರಡೂ ಪುಟದಲ್ಲಿ ‘:0’ ಎಂಬ ಹೆಸರಿತ್ತು. ನಾನು ತಂದದ್ದು ಹೆಸರಷ್ಟೇ ಇರುವ ಗಿಡ್ಡ ಟ್ಯಾಗ್. ಪೂರ್ತಿ ವಿವರ ವೈಲ್ಡರ್ ಪುಟದಲ್ಲೇ ಉಳಿದಿತ್ತು. ಹಾಗಾಗಿ ಅದು ಈ ಪುಟದ ‘:0’ಗೆ, ಅಂದರೆ ಕೇನ್ ಕಾದಂಬರಿಯ ಉಲ್ಲೇಖಕ್ಕೆ, ಹೋಗಿ ಅಂಟಿಕೊಂಡಿತು.

ಪೂರ್ತಿ ಉಲ್ಲೇಖ ತಂದು ಹಾಕಿ, ‘ಸೈಟ್ಸ್-ಬೆಳಕು’ ಅಂತ ಹೆಸರು ಬದಲಿಸಿದೆ. ಬರೀ ಅಂಕಿಯ ಹೆಸರು ನಡೆಯುವುದಿಲ್ಲ, ಅಕ್ಷರವೋ ಬೇರೆ ಚಿಹ್ನೆಯೋ ಒಂದಾದರೂ ಬೇಕು. ಯಾವ ಪುಟದಿಂದ ನಕಲಿಸಿದ್ದು ಎಂದು ಸಂಪಾದನೆಯ ಸಾರಾಂಶದಲ್ಲೂ ಬರೆದೆ. ಆಮೇಲೆ ಪ್ರತಿ ಅಡಿಟಿಪ್ಪಣಿ ಒತ್ತಿ, ಮೂಲ ತೆರೆದು ತಾಳೆ ನೋಡಿದೆ. ಹೀಗೆ ನಕಲಿಸಿದ ಪುಟ ಇನ್ನೂ ನಾಲ್ಕಿವೆ. ಇವತ್ತು ಕರೆಂಟ್ ಇದ್ದರೆ ಎರಡು ಮುಗಿಸುತ್ತೇನೆ.