‘ಸಿನ್ಸ್’ ಬಳಸುವುದು ಹೇಗೆ: ನಮ್ಮ ‘ಇಂದ’ ದಾರಿ ತಪ್ಪಿಸುವ ಜಾಗಗಳು

‘ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಹೊರಟರೆ ಬಾಯಿಗೆ ಮೊದಲು ಬರುವುದು ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’. ಇದರಲ್ಲಿ ಎರಡು ತಪ್ಪುಗಳಿವೆ, ಎರಡೂ ಕನ್ನಡದ ದಾರಿಯಲ್ಲೇ ಬಂದಿವೆ. ‘ವರ್ಷದಿಂದ’ ಎಂಬಲ್ಲಿನ ‘ಇಂದ’ ನೇರವಾಗಿ ಸಿನ್ಸ್ ಆಗಿದೆ. ‘ಮಾಡುತ್ತಿದ್ದೇನೆ’ ಎಂಬುದು ‘ಆಮ್ ವರ್ಕಿಂಗ್’ ಆಗಿದೆ. ಸರಿಯಾದ ವಾಕ್ಯ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್’.

ಮೊದಲ ತಪ್ಪಿನ ಮೂಲ ಇಷ್ಟು: ನಮ್ಮ ‘ಇಂದ’ ಕಾಲದ ಆರಂಭಕ್ಕೂ ಹೊಂದುತ್ತದೆ, ಅವಧಿಗೂ ಹೊಂದುತ್ತದೆ. ‘ಸೋಮವಾರದಿಂದ ಜ್ವರ’ ಅನ್ನುತ್ತೇವೆ, ‘ಮೂರು ದಿನದಿಂದ ಜ್ವರ’ ಎಂದೂ ಅನ್ನುತ್ತೇವೆ. ಸಿನ್ಸ್‌ಗೆ ಆರಂಭದ ಕ್ಷಣ ಮಾತ್ರ ಬೇಕು. ಅವಧಿ ಬಂದರೆ ‘ಫಾರ್’. ಇವೆರಡನ್ನು ಬೇರ್ಪಡಿಸುವ ಉಪಾಯ ಕನ್ನಡದಲ್ಲೇ ಇದೆ. ಆ ಪದ ‘ಯಾವಾಗಿನಿಂದ?’ ಎಂಬ ಪ್ರಶ್ನೆಗೆ ಉತ್ತರವಾದರೆ ಸಿನ್ಸ್, ‘ಎಷ್ಟು ಕಾಲದಿಂದ?’ ಎಂಬುದಕ್ಕೆ ಉತ್ತರವಾದರೆ ಫಾರ್. ಸೋಮವಾರ, 2019, ಮದುವೆಯಾದ ದಿನ, ಬಾಲ್ಯ: ಇವೆಲ್ಲ ‘ಯಾವಾಗಿನಿಂದ’ದ ಕಡೆ. ಮೂರು ದಿನ, ಹತ್ತು ನಿಮಿಷ, ಬಹಳ ಕಾಲ: ಇವು ‘ಎಷ್ಟು’ವಿನ ಕಡೆ. ಹೀಗಾಗಿ ‘ಸಿನ್ಸ್ ಮೆನಿ ಡೇಸ್’ ಎಂಬುದೂ ತಪ್ಪೇ. ಅದು ‘ಫಾರ್ ಮೆನಿ ಡೇಸ್’ ಆಗಬೇಕು.

ಬಲ್ಲವರೂ ಎಡವುವುದು ‘ಕಳೆದ’ ಎಂಬ ಪದ ಸೇರಿದಾಗ. ‘ಕಳೆದ ವರ್ಷದಿಂದ’ ಅಂದರೆ ಒಂದು ಗೊತ್ತಾದ ಬಿಂದು, ಅದಕ್ಕೆ ‘ಸಿನ್ಸ್ ಲಾಸ್ಟ್ ಇಯರ್’ ಸರಿ. ‘ಕಳೆದ ಎರಡು ವರ್ಷಗಳಿಂದ’ ಅಂದರೆ ಅವಧಿ, ಅದಕ್ಕೆ ‘ಫಾರ್ ದ ಲಾಸ್ಟ್ ಟೂ ಇಯರ್ಸ್’. ಎಣಿಕೆ ಬಂತೆಂದರೆ ಸಿನ್ಸ್ ಬಿಡಬೇಕು. ಆದರೆ 2019 ಎಂಬುದು ಇಸವಿಯ ಹೆಸರು, ಎಣಿಕೆಯಲ್ಲ, ಗಂಟೆಯೂ ಹಾಗೆಯೇ. ‘ಸಿನ್ಸ್ ಫೈವ್ ಓ ಕ್ಲಾಕ್’ ಅಂದರೆ ಐದು ಗಂಟೆಗೆ ಶುರುವಾದದ್ದು. ‘ಫಾರ್ ಫೈವ್ ಅವರ್ಸ್’ ಅಂದರೆ ಐದು ತಾಸು ನಡೆದದ್ದು. ಕನ್ನಡದಲ್ಲಿ ಎರಡಕ್ಕೂ ‘ಐದು ಗಂಟೆಯಿಂದ’ ಎಂದುಬಿಡುತ್ತೇವೆ, ಅದಕ್ಕೇ ಇಲ್ಲಿ ಒಂದು ಕ್ಷಣ ನಿಲ್ಲುವುದು ಒಳ್ಳೆಯದು.

ಎರಡನೆಯದು ಕ್ರಿಯಾಪದ. ಸಿನ್ಸ್ ಹಿಂದಿನ ಒಂದು ಬಿಂದುವನ್ನು ಈ ಗಳಿಗೆಗೆ ಕಟ್ಟುತ್ತದೆ, ಹಾಗಾಗಿ ಮುಖ್ಯ ಕ್ರಿಯೆ ಸಾಮಾನ್ಯವಾಗಿ ಪ್ರೆಸೆಂಟ್ ಪರ್ಫೆಕ್ಟ್ ರೂಪದಲ್ಲಿರುತ್ತದೆ: ‘ಹ್ಯಾವ್ ಲಿವ್ಡ್’ ಅಥವಾ ‘ಹ್ಯಾವ್ ಬೀನ್ ಲಿವಿಂಗ್’. ಗೊತ್ತಿರುವುದು, ಇಷ್ಟವಾಗುವುದು ಇಂಥ ಸ್ಥಿತಿಸೂಚಕ ಕ್ರಿಯೆಗಳಿಗೆ ಮೊದಲ ರೂಪ ಮಾತ್ರ. ‘ಐ ಹ್ಯಾವ್ ನೋನ್ ಹಿಮ್ ಸಿನ್ಸ್ 2010’ ಸರಿ. ‘ಐ ನೋ ಹಿಮ್ ಸಿನ್ಸ್ 2010’, ‘ಐ ಹ್ಯಾವ್ ಬೀನ್ ನೋಯಿಂಗ್’ ಎರಡೂ ಸಲ್ಲವು. ಹಳೆಯ ಸಂಗತಿಯನ್ನು ಕಥೆಯಾಗಿ ಹೇಳುವಾಗ ‘ಹ್ಯಾವ್’ ಜಾಗಕ್ಕೆ ‘ಹ್ಯಾಡ್’ ಬರುತ್ತದೆ. ಇನ್ನು ‘ಸೋಮವಾರದಿಂದ ಬರುತ್ತೇನೆ’ ಎಂದು ಮುಂದಿನ ಮಾತಾಡುವಾಗಲೂ, ‘ಒಂಬತ್ತರಿಂದ ಐದರವರೆಗೆ’ ಎಂದು ಎರಡು ತುದಿ ಹೇಳುವಾಗಲೂ ಸಿನ್ಸ್ ಬರುವುದಿಲ್ಲ, ‘ಫ್ರಮ್’ ಬರುತ್ತದೆ.

ಸಿನ್ಸ್ ಆದಮೇಲೆ ಇಡೀ ಉಪವಾಕ್ಯವೂ ಬರಬಹುದು. ಆಗ ಅದರೊಳಗಿನ ಮುಗಿದ ಕ್ರಿಯೆಗೆ ಸರಳ ಭೂತಕಾಲ ಸಾಕು: ‘ಸಿನ್ಸ್ ಐ ಕೇಮ್ ಹಿಯರ್, ಐ ಹ್ಯಾವ್ ಮೇಡ್ ಮೆನಿ ಫ್ರೆಂಡ್ಸ್’. ‘ಅವನನ್ನು ನೋಡಿ ಹತ್ತು ವರ್ಷವಾಯಿತು’ ಎಂಬುದಕ್ಕೆ ಬಹಳ ಚಂದವಾಗಿ ಹೊಂದುವ ಅಚ್ಚು ‘ಇಟ್ ಹ್ಯಾಸ್ ಬೀನ್ ಟೆನ್ ಇಯರ್ಸ್ ಸಿನ್ಸ್ ಐ ಸಾ ಹಿಮ್’. ಇದನ್ನೇ ನಾವು ‘ನೋಡದೆ ಹತ್ತು ವರ್ಷವಾಯಿತು’ ಎಂದೂ ಹೇಳುವುದರಿಂದ ‘ಸಿನ್ಸ್ ಐ ಡಿಡ್ ನಾಟ್ ಸೀ ಹಿಮ್’ ಎಂದು ನಿಷೇಧ ನುಸುಳುತ್ತದೆ. ಎಣಿಕೆ ಶುರುವಾಗುವುದು ಕೊನೆಯ ಸಲ ನೋಡಿದ ಕ್ಷಣದಿಂದ, ಆದ್ದರಿಂದ ಅಲ್ಲಿ ‘ನಾಟ್’ ಬೇಡ.

ವಾಕ್ಯದ ಕೊನೆಯಲ್ಲಿ ಒಂಟಿಯಾಗಿ ನಿಂತ ಸಿನ್ಸ್‌ಗೆ ‘ಅಲ್ಲಿಂದೀಚೆಗೆ’ ಎಂದರ್ಥ: ‘ಹಿ ಲೆಫ್ಟ್ ಇನ್ 2015 ಅಂಡ್ ಐ ಹ್ಯಾವ್ ನಾಟ್ ಸೀನ್ ಹಿಮ್ ಸಿನ್ಸ್’. ಬರವಣಿಗೆಯಲ್ಲಿ ಇದು ‘ಹ್ಯಾಸ್’ ಮತ್ತು ಮುಖ್ಯ ಕ್ರಿಯೆಯ ನಡುವೆಯೂ ಕೂರುತ್ತದೆ: ‘ಶಿ ಹ್ಯಾಸ್ ಸಿನ್ಸ್ ರಿಕವರ್ಡ್’, ಅಂದರೆ ಆಮೇಲೆ ಚೇತರಿಸಿಕೊಂಡಿದ್ದಾಳೆ.

ಕಾರಣ ಹೇಳುವ ಸಿನ್ಸ್ ನಮಗೆ ಅಪರಿಚಿತವಲ್ಲ. ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲರೂಪಕ್ಕೆ ‘ಅದಾದ ಮೇಲೆ’ ಎಂಬ ಅರ್ಥವಿತ್ತು. ಆದಮೇಲೆ ಆದದ್ದು ಅದರಿಂದಲೇ ಆಯಿತು ಎಂಬಲ್ಲಿಗೆ ಅರ್ಥ ಬೆಳೆಯಿತು. ನಮ್ಮ ‘ಇಂದ’ವೂ ಕಾಲ, ಕಾರಣ ಎರಡನ್ನೂ ಹೊರುತ್ತದಲ್ಲ! ‘ಮಳೆ ಬರುತ್ತಿರುವುದರಿಂದ ಒಳಗೇ ಇರೋಣ’: ‘ಸಿನ್ಸ್ ಇಟ್ ಈಸ್ ರೇನಿಂಗ್, ಲೆಟ್ ಅಸ್ ಸ್ಟೇ ಇನ್‌ಸೈಡ್’. ಕೇಳುವವನಿಗೂ ಗೊತ್ತಿರುವ ಕಾರಣಕ್ಕೆ ಸಿನ್ಸ್ ಒಪ್ಪುತ್ತದೆ. ಕಾರಣವೇ ಹೊಸ ಸುದ್ದಿಯಾದರೆ, ಅದರಲ್ಲೂ ‘ವೈ’ ಎಂದು ಕೇಳಿದವರಿಗೆ ಉತ್ತರಿಸುವಾಗ, ‘ಬಿಕಾಸ್’ ಬೇಕು. ಸಿನ್ಸ್ ಹಾಕಿ ಮತ್ತೆ ‘ಸೋ’ ಸೇರಿಸುವುದು ಒಂದೇ ಗಂಟನ್ನು ಎರಡು ಸಲ ಹಾಕಿದಂತೆ. ಕಾರಣದ ಸಿನ್ಸ್‌ಗೆ ಪೂರ್ತಿ ಉಪವಾಕ್ಯವೇ ಬೇಕು, ಬರೀ ನಾಮಪದ ಸಾಲದು. ‘ಮಳೆಯಿಂದ ತಡವಾಯಿತು’ ಎನ್ನಲು ‘ಬಿಕಾಸ್ ಆಫ್ ದ ರೇನ್’ ಎನ್ನಬೇಕು. ‘ಸಿನ್ಸ್ ದ ರೇನ್’ ಅಂದರೆ ಮಳೆ ಬಂದಾಗಿನಿಂದ ಎಂದಾಗುತ್ತದೆ.

ಎರಡೂ ಅರ್ಥ ಒಂದೇ ವಾಕ್ಯದಲ್ಲಿ ಸಿಕ್ಕಿಕೊಳ್ಳುವುದುಂಟು. ‘ಸಿನ್ಸ್ ಶಿ ಲೆಫ್ಟ್, ಹಿ ಹ್ಯಾಸ್ ಬೀನ್ ಸ್ಯಾಡ್’: ಅವಳು ಹೋದಾಗಿನಿಂದಲೋ, ಹೋದದ್ದಕ್ಕೋ? ಪತ್ರದಲ್ಲೋ ವರದಿಯಲ್ಲೋ ಹೀಗೆ ಬಂದರೆ ಓದುವವರ ಊಹೆಗೆ ಬಿಡಬೇಡಿ. ಕಾಲವಾದರೆ ‘ಎವರ್ ಸಿನ್ಸ್’ ಎಂದು ಬರೆಯಿರಿ, ಕಾರಣವಾದರೆ ‘ಬಿಕಾಸ್’ ಎಂದು ಬದಲಿಸಿ.