ಚಿ ಕುಂಗ್ ಶುರು ಮಾಡುವವರಿಗೆ: ಮೊಣಕಾಲು ಬಿಗಿ ಹಿಡಿಯಬೇಡಿ

ಚಿ ಕುಂಗ್ (ಉಸಿರಿನ ಜೊತೆ ಮೈಯನ್ನು ನಿಧಾನ ಆಡಿಸುವ ಚೀನೀ ವ್ಯಾಯಾಮ) ಕಲಿಯುವ ಆಸೆ ಇದ್ದರೆ ಬಾದುವಾನ್‌ಜಿನ್‌ನಿಂದ ಶುರು ಮಾಡಿ. ಚೀನಾದ ಹಳೆಯ ಅಭ್ಯಾಸ, ಬರೀ 8 ಚಲನೆ, ಹೆಸರಿನ ಅರ್ಥ ‘ಜರಿ ರೇಷ್ಮೆಯ ಎಂಟು ತುಂಡು’. ಪೂರ್ತಿ ಮಾಡಲು 15 ನಿಮಿಷ ಸಾಕು.

ಮೊದಲ ವಾರ ಮೊದಲನೆಯದನ್ನೇ ಮಾಡಿ. ಪಾದ ಭುಜದಷ್ಟು ಅಗಲ ಇರಲಿ, ಮೊಣಕಾಲು ಸಡಿಲ. ಹೊಟ್ಟೆಯ ಮುಂದೆ ಬೆರಳು ಹೆಣೆಯಿರಿ. ಉಸಿರು ತಗೊಳ್ಳುತ್ತಾ ಕೈ ಎತ್ತಿ, ಎದೆಯ ಹತ್ತಿರ ಅಂಗೈ ತಿರುಗಿಸಿ, ಆಕಾಶ ಎತ್ತಿ ಹಿಡಿದ ಹಾಗೆ ಮೇಲಕ್ಕೆ ತಳ್ಳಿ. ಉಸಿರು ಬಿಡುತ್ತಾ ಎರಡೂ ಬದಿಗೆ ನಿಧಾನ ಇಳಿಸಿ. 6 ಸಲ ಸಾಕು. ನನಗಂತೂ ಬೆರಳ ತುದಿ ಬೆಚ್ಚಗಾಗುತ್ತದೆ, ಮಧ್ಯಾಹ್ನದ ಸುಸ್ತೂ ಕಡಿಮೆಯಾಗಿದೆ.

ಸುಮ್ನೆ ಉಸಿರು ಕಟ್ಟಬೇಡಿ. ಬಿಪಿ, ಬೆನ್ನುನೋವು ಇದ್ದವರು ಪಾದ ಹಿಡಿಯಲು ಬಗ್ಗುವ ಚಲನೆ ಬಿಟ್ಟುಬಿಡಿ, ಡಾಕ್ಟರನ್ನು ಕೇಳಿ. ಮಾತ್ರೆ ಮಾತ್ರ ನಿಲ್ಲಿಸಲೇಬೇಡಿ.